ಕುಂಬಳೆ ಒಮ್ಮೆ ಕುಂಬ್ಲವಾದರೆ ತಪ್ಪು ಕನ್ನಡದ್ದಲ್ಲ

ಅಕ್ಕನ ಪ್ರಗತಿಪತ್ರದಲ್ಲಿ ಊರು ‘ಕುಂಬಳೆ’. ತಮ್ಮನದರಲ್ಲಿ ‘ಕುಂಬ್ಲ’. ಒಂದೇ ಮನೆ, ಒಂದೇ ದಿನ, ಒಂದೇ ಪ್ರಿಂಟರು. ಕಳೆದ ವರ್ಷದ ಕ್ಲಾಸ್ ಪಿಟಿಎ ದಿನ ಎರಡೂ ಕಾಗದ ಹಿಡಿದುಕೊಂಡು ಬಂದ ತಾಯಿ ಕೇಳಿದ್ದು ಇಷ್ಟೇ: “ನಮ್ಮ ಮನೆ ಯಾವ ಊರಲ್ಲಿರುವುದು ಮಾಷ್ಟ್ರೇ?” ನಾವು ನಕ್ಕೆವು. ಅವರು ನಗಲಿಲ್ಲ. ಗಡಿನಾಡಿನಲ್ಲಿ ಊರಿನ ಹೆಸರು ಎಷ್ಟು ಸೂಕ್ಷ್ಮ ಎಂಬುದು ಇಲ್ಲಿ ಬದುಕುವವರಿಗೆ ಗೊತ್ತು. ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿದರೂ ನಮ್ಮವರ ಎದೆ ಧಸಕ್ಕೆನ್ನುತ್ತದೆ.

ನೋಡಲು ಬಂದ ತಂತ್ರಜ್ಞರು ಐದು ನಿಮಿಷದಲ್ಲಿ ತೀರ್ಪು ಕೊಟ್ಟರು. “ಕನ್ನಡ ಹಾಕಿದ್ದೀರಲ್ಲ, ಅದಕ್ಕೇ. ಯುನಿಕೋಡ್ ಕನ್ನಡ ಸರ್ವರಿನಲ್ಲಿ ಸರಿಯಾಗಿ ಕೂರುವುದಿಲ್ಲ. ಇಂಗ್ಲಿಷಿನಲ್ಲಿ ಹಾಕಿ, ತಲೆನೋವಿಲ್ಲ.” ಆಮೇಲೆ ಸರ್ವರನ್ನು ಆರಿಸಿ ಮತ್ತೆ ಹಾಕಿದರು. ಎಲ್ಲಾ ಕಡೆ ಕುಂಬಳೆ ಬಂತು. ಅವರು ಹೋದರು. ಮರುವಾರ ಇನ್ನೊಂದು ಊರಿನ ಹೆಸರು ತಿದ್ದಿದಾಗ ಅದೇ ಕಥೆ. ಸ್ಟಾಫ್ ಮೀಟಿಂಗಿನಲ್ಲಿ ಯಾರೋ ಎದ್ದು, “ಮುಂದಿನ ಟರ್ಮಿನಿಂದ ಇಂಗ್ಲಿಷಿನಲ್ಲೇ ಆಗಲಿ, ಮಲಯಾಳಂ ಪಟ್ಟಿ ಸರಿಯಾಗಿಯೇ ಬರುತ್ತದಲ್ಲ, ನಮ್ಮದಕ್ಕೇ ಯಾಕೆ ತೊಂದರೆ?” ಎಂದರು. ಅರ್ಧ ಜನ ತಲೆಯಾಡಿಸಿದರು.

ಹಾಗೆ ತಲೆಯಾಡಿಸಿದ್ದರ ವಿರುದ್ಧ ನಾವು ಇದನ್ನು ಬರೆಯುತ್ತಿದ್ದೇವೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಏನು ಕೆಟ್ಟರೂ ಕನ್ನಡವೇ ಕಾರಣ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮೊಳಗೇ ಬೇರು ಬಿಟ್ಟಿದೆ. ಮಕ್ಕಳ ಸಂಖ್ಯೆ ಇಳಿದರೆ ಕನ್ನಡ ಕಾರಣ, ಪುಸ್ತಕ ತಡವಾದರೆ ಕನ್ನಡ ಕಾರಣ, ಈಗ ಗಣಕ ಹಳೆಯದನ್ನು ತೋರಿಸಿದರೂ ಕನ್ನಡ ಕಾರಣ!

ಗಣಕದ ವಿದ್ಯೆ ಏನೂ ಇಲ್ಲದವರೂ ಮಾಡಬಹುದಾದ ಒಂದು ಯೋಚನೆಯಿದೆ. ಅಕ್ಷರ ಸಂಕೇತ ಕೆಟ್ಟರೆ ಪರದೆಯಲ್ಲಿ ಏನು ಕಾಣುತ್ತದೆ? ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು, ತಲೆಯ ಮೇಲೆ ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳ ಮೆರವಣಿಗೆ. ‘ಕುಂಬ್ಲ’ ಹಾಗಲ್ಲ. ಅದು ಒಬ್ಬ ಮನುಷ್ಯ ಕೂತು ಟೈಪ್ ಮಾಡಿದ ಶಬ್ದ. ಇಂಗ್ಲಿಷ್ ದಾಖಲೆಯಲ್ಲಿದ್ದ ಕಾಗುಣಿತ ನೋಡಿ ಕನ್ನಡಕ್ಕಿಳಿಸಿದಾಗ ಆದ ತಪ್ಪು ಅದು. ಹಿಂದಿನ ವಾರವಷ್ಟೇ ನಾವು ಅದನ್ನು ತಿದ್ದಿದ್ದೆವು. ಯುನಿಕೋಡಿನ ಲೆಕ್ಕದಲ್ಲಿ ‘ಕುಂಬಳೆ’ ಎಂದರೆ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟು. ‘ಕುಂಬ್ಲ’ವೂ 6 ಸಂಕೇತ, 18 ಬೈಟು. ಸರ್ವರಿಗೆ ಎರಡೂ ಸಮ. ಯುನಿಕೋಡಿನ ಮೊದಲ ಆವೃತ್ತಿ ಬಂದ 1991ರಿಂದಲೂ ಕನ್ನಡ ಅದರಲ್ಲಿದೆ. ಇಷ್ಟು ವರ್ಷ ಕೂತ ಕನ್ನಡ ಪಿಟಿಎ ದಿನ ಮಾತ್ರ ಎದ್ದು ಓಡಿತೇ?

ಹಾಗಾದರೆ ಸರ್ವರು ಮಾಡಿದ್ದೇನು? ಹಳೆಯದನ್ನು ನೆನಪಿಟ್ಟುಕೊಂಡಿತು. ಮಾಡಿದ್ದು ಅಷ್ಟೇ.

ನಮ್ಮ ಅಂಕಪಟ್ಟಿಯ ಪುಟಗಳು ಹಳೆ ವಿದ್ಯಾರ್ಥಿಯೊಬ್ಬರು ಬರೆದುಕೊಟ್ಟ ಪರ್ಲ್ ಸ್ಕ್ರಿಪ್ಟುಗಳು. ಲ್ಯಾಬಿನ ಒಂದು ಗಣಕದಲ್ಲಿ ಅಪಾಚೆ ಸರ್ವರು, ಅದರೊಳಗೆ ಮಾಡ್‌ಪರ್ಲ್. ಊರುಗಳ ಹೆಸರಿನ ಪಟ್ಟಿಯೂ, ಅದರಿಂದ ಹೆಸರು ಆರಿಸಿ ಕೊಡುವ ಫಂಕ್ಷನ್ನೂ ಒಂದು ಮಾಡ್ಯೂಲಿನಲ್ಲಿ, ಅಂದರೆ ಬೇರೆಯೇ ಕಡತದಲ್ಲಿ ಇವೆ. ಹಿಂದಿನ ಸಿಜಿಐ ಪದ್ಧತಿಯಲ್ಲಿ ಒಂದೊಂದು ಕೋರಿಕೆಗೂ ಪರ್ಲ್ ಹೊಸದಾಗಿ ಹುಟ್ಟಿ, ಎಲ್ಲ ಕಡತ ಓದಿ, ಪುಟ ಕೊಟ್ಟು ಸಾಯುತ್ತಿತ್ತು. ನಿಧಾನ, ಆದರೆ ಮರೆವು ಪೂರ್ತಿ. ಆ ನಿಧಾನ ತಪ್ಪಿಸಲು 1996ರಲ್ಲಿ ಪರ್ಲನ್ನು ಅಪಾಚೆಯ ಹೊಟ್ಟೆಯೊಳಗೇ ಕೂರಿಸುವ ಮಾಡ್‌ಪರ್ಲ್ ಬಂತು. 2005ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಇದರಲ್ಲಿ ಪರ್ಲ್ ಸಾಯುವುದಿಲ್ಲ. ಒಮ್ಮೆ ಓದಿದ್ದನ್ನು ನೆನಪಿನಲ್ಲಿಟ್ಟು ಸಾವಿರ ಕೋರಿಕೆಗೂ ಅದನ್ನೇ ಬಳಸುತ್ತದೆ.

ಶಾಲೆಯ ಭಾಷೆಯಲ್ಲೇ ಹೇಳೋಣ. ಟೈಮ್‌ಟೇಬಲ್ ನೋಟೀಸ್ ಬೋರ್ಡಿನಲ್ಲಿದೆ. ಜೂನಿನಲ್ಲಿ ಪ್ರತಿ ಟೀಚರೂ ತಮ್ಮ ತಮ್ಮ ಡೈರಿಗೆ ಅದನ್ನು ಬರೆದುಕೊಂಡು, ಮೇಲೆ ‘ಬರೆದಾಯಿತು’ ಎಂದು ಒಂದು ಗುರುತು ಹಾಕಿದ್ದಾರೆ. ಜುಲೈಯಲ್ಲಿ ಹೆಡ್‌ಮಾಷ್ಟ್ರು ಬೋರ್ಡಿನ ಟೈಮ್‌ಟೇಬಲ್ ಬದಲಿಸಿದರು. ಗುರುತು ಹಾಕಿದವರು ಬೋರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ, ಡೈರಿ ನೋಡಿ ಕ್ಲಾಸಿಗೆ ಹೋಗುತ್ತಾರೆ. ರಜೆ ಮುಗಿಸಿ ಆ ದಿನ ಸೇರಿದವರು ಮಾತ್ರ ಬೋರ್ಡು ನೋಡಿ ಬರೆದುಕೊಳ್ಳುತ್ತಾರೆ. ಆ ದಿನ ಒಂದೇ ಕ್ಲಾಸಿಗೆ ಇಬ್ಬರು ಟೀಚರು!

ಅಪಾಚೆಯಲ್ಲಿ ಈ ಟೀಚರುಗಳಿಗೆ ‘ಮಕ್ಕಳು’ ಎಂದು ಹೆಸರು. (ನಮಗೆ ಶಾಲೆಯಲ್ಲಿ ಮಕ್ಕಳು ಕಡಿಮೆ, ಸರ್ವರಿನಲ್ಲಾದರೂ ಇರಲಿ ಬಿಡಿ.) ಪ್ರಿಫೋರ್ಕ್ ರೀತಿಯಲ್ಲಿ ಓಡುವ ಅಪಾಚೆ, ನಾವೇನೂ ಬದಲಿಸದಿದ್ದರೆ, ಶುರುವಿನಲ್ಲೇ 5 ಮಕ್ಕಳನ್ನು ಹುಟ್ಟಿಸುತ್ತದೆ. ಕೆಲಸ ಹೆಚ್ಚಾದರೆ ಇನ್ನಷ್ಟು ಹುಟ್ಟುತ್ತವೆ. ಒಂದರ ನೆನಪು ಇನ್ನೊಂದಕ್ಕಿಲ್ಲ. ‘ಬರೆದಾಯಿತು’ ಎಂಬ ಗುರುತು ಪರ್ಲಿನಲ್ಲಿ ಐಎನ್‌ಸಿ ಎಂಬ ಹ್ಯಾಷ್, ಹೆಸರಿನ ಮುಂದೆ ಶೇಕಡಾ ಚಿಹ್ನೆ ಇರುತ್ತದೆ. ಮಾಡ್ಯೂಲಿನ ಕಡತದ ಹೆಸರು ಅದರಲ್ಲಿದ್ದರೆ ಪರ್ಲ್ ಆ ಕಡತವನ್ನು ಎರಡನೇ ಸಲ ಓದುವುದಿಲ್ಲ. ಪಿಟಿಎ ದಿನ ಎರಡು ಮೂರು ಗಣಕಗಳಿಂದ ಒಟ್ಟಿಗೆ ಪ್ರಿಂಟು ಹೊಡೆದೆವು. ಹೊಸ ಮಕ್ಕಳು ಹುಟ್ಟಿದವು. ಅವು ಹೊಸ ಕಡತ ಓದಿ ಕುಂಬಳೆ ಎಂದವು, ಹಳಬರು ಕುಂಬ್ಲ ಎಂದರು. ಅಕ್ಕನ ಕಾಗದ ಹೊಸಬರ ಕೈಗೆ ಹೋಯಿತು, ತಮ್ಮನದು ಹಳಬರ ಕೈಗೆ.

ಇದರಲ್ಲಿ ದಾರಿ ತಪ್ಪಿಸುವ ಒಂದು ಗುಣವಿದೆ. ಮಾಡ್‌ಪರ್ಲಿನ ರಿಜಿಸ್ಟ್ರಿ ಎಂಬ ವ್ಯವಸ್ಥೆ ಸ್ಕ್ರಿಪ್ಟಿನ ಕಡತ ಬದಲಾದರೆ ತಾನಾಗಿ ಗುರುತಿಸಿ ಮತ್ತೆ ಓದುತ್ತದೆ. ಆ ಸ್ಕ್ರಿಪ್ಟು ಕರೆಯುವ ಮಾಡ್ಯೂಲಿನ ಕಡೆ ನೋಡುವುದಿಲ್ಲ. ಹಾಗಾಗಿ ಪುಟದ ತಲೆಬರಹ ತಿದ್ದಿದರೆ ತಕ್ಷಣ ಕಾಣುತ್ತದೆ, ಊರಿನ ಹೆಸರು ತಿದ್ದಿದರೆ ಕಾಣುವುದಿಲ್ಲ. ನಮ್ಮಲ್ಲಿ ತಲೆಬರಹ ಸ್ಕ್ರಿಪ್ಟಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಊರು ಮಾಡ್ಯೂಲಿನಲ್ಲಿತ್ತು, ನಾವು ತಿದ್ದಿದ್ದು ಕನ್ನಡದ್ದು. ನೋಡಿದವರಿಗೆ ‘ಇಂಗ್ಲಿಷ್ ಬದಲಾಗುತ್ತದೆ, ಕನ್ನಡ ಬದಲಾಗುವುದಿಲ್ಲ’ ಎಂದೇ ಕಂಡಿತು. ಮಲಯಾಳಂ ಪಟ್ಟಿ ಸರಿಯಾಗಿಯೇ ಇದ್ದದ್ದು ಯಾಕೆಂದರೆ, ಆ ಸಾಲುಗಳನ್ನು ಯಾರೂ ಮುಟ್ಟಿರಲಿಲ್ಲ!

ಇದನ್ನು ಬಾಯಿಮಾತಿನಲ್ಲಿ ವಾದಿಸಿ ಪ್ರಯೋಜನವಿಲ್ಲವೆಂದು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಲ್ಯಾಬಿಗೆ ಕರೆದುಕೊಂಡು ಹೋದೆವು. ಪುಟದ ಕೆಳಗೆ, ಆ ಪುಟ ಕೊಟ್ಟ ಪ್ರಾಸೆಸ್ಸಿನ ಸಂಖ್ಯೆ ಕಾಣುವಂತೆ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದೆವು. ಪರ್ಲಿನಲ್ಲಿ ಎರಡು ಡಾಲರ್ ಚಿಹ್ನೆ ಒತ್ತಾಗಿ ಬರೆದರೆ ಆ ಸಂಖ್ಯೆ ಸಿಗುತ್ತದೆ. ಒಬ್ಬಳು ಪುಟವನ್ನು ಮತ್ತೆ ಮತ್ತೆ ತರಿಸುವುದು, ಒಬ್ಬ ಸಂಖ್ಯೆ ಓದುವುದು, ಇನ್ನೊಬ್ಬಳು ಬೋರ್ಡಿನಲ್ಲಿ ಸಂಖ್ಯೆಯ ಎದುರು ಯಾವ ಹೆಸರು ಬಂತೆಂದು ಬರೆಯುವುದು. ಇಪ್ಪತ್ತು ಸಲ ಆಗುವಾಗ ಬೋರ್ಡೇ ಉತ್ತರ ಹೇಳಿತು. ಒಂದು ಸಂಖ್ಯೆ ಯಾವತ್ತೂ ಒಂದೇ ಹೆಸರು ಹೇಳುತ್ತದೆ. ಮೂರು ಸಂಖ್ಯೆಗಳು ಹಳಬರ ಪಕ್ಷ, ಎರಡು ಹೊಸಬರದು. ನಡುವೆ ಬದಲಾದ ಸಂಖ್ಯೆ ಒಂದೂ ಇಲ್ಲ.

ಆಮೇಲೆ ಒಬ್ಬ ಹುಡುಗ ನಮಗೆ ಹೊಳೆಯದ್ದನ್ನು ಕೇಳಿದ. “ಮಾಷ್ಟ್ರೇ, ಅದೇ ಮಾಡ್ಯೂಲಿನಲ್ಲಿರುವ ಇಂಗ್ಲಿಷ್ ಹೆಸರಿಗೆ ಒಂದು ಚುಕ್ಕಿ ಹಾಕಿ ನೋಡುವನಾ?” ಹಾಕಿದೆವು. ಹಳಬರೆಲ್ಲ ಚುಕ್ಕಿಯಿಲ್ಲದ ಇಂಗ್ಲಿಷ್ ಹೆಸರನ್ನೇ ತೋರಿಸಿದರು. ಇಂಗ್ಲಿಷಿಗೂ ಅದೇ ಗತಿ. ಕನ್ನಡದ ಮೇಲಿನ ಆರೋಪಪಟ್ಟಿ ಅಲ್ಲಿಗೆ ಹರಿಯಿತು. ತಂತ್ರಜ್ಞರು ಮಾಡದ ಪರೀಕ್ಷೆಯನ್ನು ಕನ್ನಡ ಮಾಧ್ಯಮದ ಹದಿನಾಲ್ಕು ವರ್ಷದ ಹುಡುಗ ಮಾಡಿದ. ನಮಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನೆರವಿಗೆ ಬಂದ ಇನ್ನೊಬ್ಬರು, “ಇದಕ್ಕೆ ಔಷಧಿ ಇದೆ” ಎಂದು ಅಪಾಚೆ2 ರಿಲೋಡ್ ಎಂಬ ಮಾಡ್ಯೂಲ್ ಹಾಕಿದರು. ಪ್ರತಿ ಕೋರಿಕೆಗೂ ಮೊದಲು ಅದು ಐಎನ್‌ಸಿಯಲ್ಲಿರುವ ಕಡತಗಳ ತಾರೀಕು ನೋಡುತ್ತದೆ. ಹೊಸದಾಗಿದ್ದರೆ ‘ಬರೆದಾಯಿತು’ ಗುರುತು ಅಳಿಸಿ ಮತ್ತೆ ಓದಿಸುತ್ತದೆ. ಒಳ್ಳೆಯದೇ. ಹಾಕಿದರು, ಊರು ತಿದ್ದಿದರು, ಪುಟ ತರಿಸಿದರು. ಲಾಗ್ ಕಡತದಲ್ಲಿ ಮಾಡ್ಯೂಲನ್ನು ಮತ್ತೆ ಓದಿದ್ದೇನೆ ಎಂಬ ಸಾಲು ಪ್ರಾಸೆಸ್ ಸಂಖ್ಯೆ ಸಮೇತ ಇದೆ. ಪುಟದಲ್ಲಿ ಹಳೆ ಹೆಸರೇ ಇದೆ! “ನೋಡಿದಿರಾ, ರಿಲೋಡ್ ಆದರೂ ಬರುವುದಿಲ್ಲ, ಕನ್ನಡದ್ದೇ ಸಮಸ್ಯೆ” ಎಂದು ಹಳೆ ಭೂತ ಮತ್ತೆ ಎದ್ದಿತು.

ಈ ಜಾಗದಲ್ಲೇ ಹೆಚ್ಚಿನವರು ಸೋಲುವುದು, ಅದಕ್ಕೆ ಸ್ವಲ್ಪ ನಿಂತು ನೋಡಬೇಕು. ನಮ್ಮ ಸ್ಕ್ರಿಪ್ಟು ಮಾಡ್ಯೂಲಿನಿಂದ ಊರಿನ ಫಂಕ್ಷನ್ನನ್ನು ತನ್ನ ಮನೆಗೆ ಆಮದು ಮಾಡಿಕೊಂಡಿತ್ತು. ಆಮದು ಎಂದರೆ ಆ ಕ್ಷಣದ ಫಂಕ್ಷನ್ನಿಗೆ ಹಾಕಿಕೊಂಡ ಒಂದು ಕೊಂಡಿ. ರಿಲೋಡ್ ಮಾಡ್ಯೂಲಿನ ಮನೆಯಲ್ಲಿ ಹೊಸ ಫಂಕ್ಷನ್ ಕೂರಿಸಿತು. ಸ್ಕ್ರಿಪ್ಟಿನ ಮನೆಯಲ್ಲಿರುವ ಕೊಂಡಿ ಹಳೆ ಫಂಕ್ಷನ್ನನ್ನೇ ಹಿಡಿದುಕೊಂಡಿದೆ, ಹಳೆ ಫಂಕ್ಷನ್ ಹಳೆ ಪಟ್ಟಿಯನ್ನು ಹಿಡಿದುಕೊಂಡಿದೆ. ಲಾಗ್ ಹೇಳಿದ್ದು ನಿಜ, ಪುಟ ತೋರಿಸಿದ್ದೂ ನಿಜ. ಇಂಥಲ್ಲಿ ಸ್ಕ್ರಿಪ್ಟಿನ ಕಡತವನ್ನೂ ‘ಟಚ್’ ಆಜ್ಞೆಯಿಂದ ಮುಟ್ಟಿ ತಾರೀಕು ಹೊಸದು ಮಾಡಬೇಕು. ಆಗ ರಿಜಿಸ್ಟ್ರಿ ಸ್ಕ್ರಿಪ್ಟನ್ನು ಮತ್ತೆ ಓದುತ್ತದೆ, ಆಮದು ಮತ್ತೆ ನಡೆಯುತ್ತದೆ, ಕೊಂಡಿ ಹೊಸತಕ್ಕೆ ಬೀಳುತ್ತದೆ. ರಿಲೋಡ್ ಇಲ್ಲದೆ ಸ್ಕ್ರಿಪ್ಟನ್ನು ಮಾತ್ರ ಮುಟ್ಟಿದರೂ ಆಗದು, ಐಎನ್‌ಸಿ ಅಡ್ಡ ನಿಲ್ಲುತ್ತದೆ. ಎರಡೂ ಬೇಕು. ಮಕ್ಕಳ ಎದುರೇ ಮಾಡಿದೆವು, ಹಳಬರೂ ಕುಂಬಳೆ ಎಂದರು.

ಸ್ಥಿರಾಂಕಗಳದ್ದೂ ಇದೇ ಜಾತಿಯ ತೊಂದರೆ. ಪೂರ್ಣಾಂಕ 40 ಎಂದು ಮಾಡ್ಯೂಲಿನಲ್ಲಿ ಕಾನ್‌ಸ್ಟಂಟ್ ಆಗಿ ಬರೆದಿದ್ದರೆ, ಅದನ್ನು ಬಳಸುವ ಸ್ಕ್ರಿಪ್ಟು ಕಂಪೈಲ್ ಆಗುವಾಗಲೇ 40 ಎಂಬ ಸಂಖ್ಯೆ ಅದರೊಳಗೆ ಸೇರಿಬಿಡುತ್ತದೆ. ಆಮೇಲೆ ಮಾಡ್ಯೂಲಿನಲ್ಲಿ 80 ಮಾಡಿ ರಿಲೋಡ್ ಮಾಡಿದರೂ ಸ್ಕ್ರಿಪ್ಟು 40ನ್ನೇ ಲೆಕ್ಕ ಹಾಕುತ್ತಿರುತ್ತದೆ. ಹಳೆ ಪ್ರತಿಯನ್ನು ಅದರ ಹಳೆ ತಾರೀಕಿನೊಂದಿಗೇ ಮರಳಿ ಹಾಕಿದರೆ, ‘ಇದು ಹೊಸತಲ್ಲ’ ಎಂದು ರಿಲೋಡ್ ಸುಮ್ಮನಿರುತ್ತದೆ. ಅರ್ಧ ಬರೆದು ಸೇವ್ ಮಾಡಿದ ಕಡತವನ್ನು ಮಾತ್ರ ಕಣ್ಣುಮುಚ್ಚಿ ಓದಿಕೊಂಡು 500ನೇ ನಂಬರಿನ ದೋಷ ಎಸೆಯುತ್ತದೆ. ಒಂದು ಸೆಮಿಕೋಲನ್ ತಪ್ಪಿದರೂ ಸಾಕು.

ಆದ್ದರಿಂದ ನಮ್ಮ ಜಗಳ ಎರಡು ಕಡೆಗೆ. ‘ರೀಸ್ಟಾರ್ಟ್ ಮಾಡಿ, ಕಾರಣ ಕೇಳಬೇಡಿ’ ಎನ್ನುವವರೊಡನೆ ಒಂದು. ‘ರಿಲೋಡ್ ಹಾಕಿಬಿಡಿ, ಎಲ್ಲ ತಾನಾಗಿ ಆಗುತ್ತದೆ’ ಎನ್ನುವವರೊಡನೆ ಇನ್ನೊಂದು. ರೀಸ್ಟಾರ್ಟ್ ತಪ್ಪೆಂದು ನಾವು ಹೇಳುತ್ತಿಲ್ಲ. ಜನ ಬಳಸುವ ಸರ್ವರಿನಲ್ಲಿ ಸರಿಯಾದ ದಾರಿ ಅದೇ: ಮೊದಲು ಪರ್ಲಿನ ‘ಹೈಫನ್ ಸಿ’ ಆಯ್ಕೆಯಿಂದ ಕಡತದ ವ್ಯಾಕರಣ ಪರೀಕ್ಷಿಸಿ, ಸಂಜೆ ಯಾರೂ ಬಳಸದ ಹೊತ್ತಿನಲ್ಲಿ ಸರ್ವರನ್ನು ಪೂರ್ತಿ ನಿಲ್ಲಿಸಿ, ಮತ್ತೆ ಶುರು ಮಾಡುವುದು. ಆದರೆ ಯಾಕೆ ಎಂದು ಗೊತ್ತಿದ್ದು ಮಾಡುವುದು ಬೇರೆ, ದೆವ್ವ ಬಿಡಿಸಿದ ಹಾಗೆ ಮಾಡುವುದು ಬೇರೆ. ಕಾರಣ ಗೊತ್ತಿಲ್ಲದೆ ಮಾಡಿದ ರೀಸ್ಟಾರ್ಟ್ ಗುಣವನ್ನೂ ಕೊಟ್ಟಿತು, ‘ಕನ್ನಡದ್ದೇ ದೋಷ’ ಎಂಬ ಸುಳ್ಳು ಸಾಕ್ಷಿಯನ್ನೂ ಕೊಟ್ಟಿತು.

ನಾವು ಈಗ ಮಾಡಿಕೊಂಡಿರುವುದು ಹೀಗೆ. ನಮ್ಮ ಮಾಡ್ಯೂಲುಗಳನ್ನೆಲ್ಲ ಅಪಾಚೆ ಶುರುವಾಗುವಾಗಲೇ, ಮಕ್ಕಳು ಹುಟ್ಟುವ ಮೊದಲೇ, ತಾಯಿ ಪ್ರಾಸೆಸ್ಸಿನಲ್ಲಿ ಓದಿಸುತ್ತೇವೆ. ಹುಟ್ಟುವ ಮಕ್ಕಳಿಗೆಲ್ಲ ಒಂದೇ ಡೈರಿ. ಕಡತ ತಿದ್ದಿದರೆ ಮುಂದಿನ ರೀಸ್ಟಾರ್ಟಿನವರೆಗೆ ಎಲ್ಲರೂ ಹಳೆಯದನ್ನೇ ಹೇಳುತ್ತಾರೆ, ಆಮೇಲೆ ಎಲ್ಲರೂ ಹೊಸದನ್ನೇ. ಎಲ್ಲರೂ ಒಟ್ಟಾಗಿ ತಪ್ಪು ಹೇಳಿದರೆ ಆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಅರ್ಧ ಜನ ಸರಿ ಹೇಳಿದಾಗಲೇ ಪೋಷಕರ ಕೈಗೆ ಎರಡು ಊರು ಹೋಗುವುದು. ರಿಲೋಡನ್ನು ಕಲಿಯುವ ಗಣಕದಲ್ಲಿ ಮಾತ್ರ ಇಟ್ಟಿದ್ದೇವೆ, ಅದೂ ನಮ್ಮ ಮಾಡ್ಯೂಲುಗಳಿಗೆ ಮಾತ್ರ. ಅಲ್ಲಿ ಅಪಾಚೆಯನ್ನು ‘ಹೈಫನ್ ದೊಡ್ಡ ಎಕ್ಸ್’ ಆಯ್ಕೆಯೊಂದಿಗೆ ಓಡಿಸಿದರೆ ಒಂದೇ ಪ್ರಾಸೆಸ್, ಯಾರ ನೆನಪು ಎಂಬ ಗೊಂದಲವೇ ಇಲ್ಲ.

ಇನ್ನೊಂದು ಕಾಯಿಲೆಯ ಲಕ್ಷಣವೂ ಇದೇ ಥರ ಕಾಣುತ್ತದೆ, ಆದರೆ ಅದು ಹೆಚ್ಚು ಅಪಾಯದ್ದು. ರಿಜಿಸ್ಟ್ರಿ ಇಡೀ ಸ್ಕ್ರಿಪ್ಟನ್ನು ಒಂದು ಫಂಕ್ಷನ್ನಿನೊಳಗೆ ಸುತ್ತಿಡುತ್ತದೆ. ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ ‘ಮೈ’ ಎಂದು ಘೋಷಿಸಿದ ವೇರಿಯಬಲನ್ನು ಕೆಳಗಿನ ಹೆಸರಿಟ್ಟ ಫಂಕ್ಷನ್ನಿನೊಳಗೆ ನೇರವಾಗಿ ಬಳಸಿದರೆ, ಆ ಪ್ರಾಸೆಸ್ಸಿನಲ್ಲಿ ಮೊದಲ ಸಲ ಬಂದ ಬೆಲೆಯೇ ಅಂಟಿಕೊಳ್ಳುತ್ತದೆ. ಮೊದಲು ತೆರೆದ ಮಗುವಿನ ಅಂಕ, ಆಮೇಲೆ ತೆರೆದ ಮಗುವಿನ ಹೆಸರಿನಡಿ ಬರಬಹುದು. ರಿಲೋಡ್ ಇದಕ್ಕೆ ಮದ್ದಲ್ಲ. ರೀಸ್ಟಾರ್ಟ್ ಮಾಡಿದರೆ ಒಂದು ಕ್ಷಣ ವಾಸಿಯಾದಂತೆ ಕಂಡು ಮತ್ತೆ ಬರುತ್ತದೆ. ಎಚ್ಚರಿಕೆಗಳನ್ನು ಚಾಲೂ ಇಟ್ಟಿದ್ದರೆ ಈ ವೇರಿಯಬಲ್ ಹಂಚಿಕೆಯಾಗಿ ಉಳಿಯದು ಎಂದು ಪರ್ಲ್ ಲಾಗಿನಲ್ಲಿ ಹೇಳುತ್ತದೆ. ವೇರಿಯಬಲನ್ನು ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಆಗಿ ಕಳಿಸಿದರೆ ತೀರಿತು. ‘ರೀಸ್ಟಾರ್ಟ್ ಮಾಡಿ ಸಾಕು’ ಎನ್ನುವವರಿಗೆ ಈ ಎರಡು ಕಾಯಿಲೆಗಳ ವ್ಯತ್ಯಾಸ ಎಂದೂ ತಿಳಿಯುವುದಿಲ್ಲ. ಎರಡನೆಯದರಲ್ಲಿ ಹೋಗುವುದು ಊರಿನ ಕಾಗುಣಿತವಲ್ಲ, ಮಗುವಿನ ಅಂಕ.

“ಇದೆಲ್ಲ ಎಂಜಿನಿಯರುಗಳ ವಿಷಯ, ಶಾಲೆಯಲ್ಲಿ ಯಾಕೆ? ಮೇಲಾಗಿ ಮಾಡ್‌ಪರ್ಲ್ ಈಗ ಯಾರಿಗೆ ಬೇಕು?” ಎಂದು ಕೇಳುವವರಿದ್ದಾರೆ. ಮಾಡ್‌ಪರ್ಲ್ ಹಳೆಯದು, ಒಪ್ಪಿದೆವು. ಕಾಯಿಲೆ ಹಳೆಯದಲ್ಲ. ಪೈಥಾನಿನಲ್ಲಿ ಒಂದು ಮಾಡ್ಯೂಲಿನಿಂದ ಫಂಕ್ಷನ್ನನ್ನು ಹೆಸರು ಹಿಡಿದು ಆಮದು ಮಾಡಿಕೊಂಡ ಮೇಲೆ ಮಾಡ್ಯೂಲನ್ನು ರಿಲೋಡ್ ಮಾಡಿ ನೋಡಿ, ಹಳೆ ಫಂಕ್ಷನ್ನೇ ಉತ್ತರ ಕೊಡುತ್ತದೆ. ಜ್ಯಾಂಗೋದ ಅಭ್ಯಾಸದ ಸರ್ವರು ಕಡತ ಬದಲಾದಾಗ ತನ್ನನ್ನೇ ಮರಳಿ ಶುರು ಮಾಡಿಕೊಳ್ಳುತ್ತದೆ. ಅದನ್ನೇ ಗುನಿಕಾರ್ನಿನಲ್ಲಿ, ಯಾವ ಆಯ್ಕೆಯನ್ನೂ ಕೊಡದೆ, ಓಡಿಸಿದಾಗ ಹಾಗಾಗುವುದಿಲ್ಲ. ಮನೆಯಲ್ಲಿ ಸರಿಯಿತ್ತು, ಶಾಲೆಯಲ್ಲಿ ಇಲ್ಲ ಎಂದು ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಲ್ಯಾಬುಗಳಲ್ಲಿ ಗ್ನೂ/ಲಿನಕ್ಸ್ ಇದೆ, ಐಟಿ@ಸ್ಕೂಲ್ ಕಾಲದಿಂದಲೂ, 2017ರಲ್ಲಿ ಅದು ಕೈಟ್ ಆದ ಮೇಲೂ. ಪರ್ಲ್, ಪೈಥಾನ್ ಎರಡಕ್ಕೂ ಒಂದು ಪೈಸೆ ಕೊಡಬೇಕಿಲ್ಲ. ಬೇಕಾದದ್ದು ಒಂದು ಪೀರಿಯಡ್, ಒಂದು ಬೋರ್ಡು, ಮತ್ತು ಮಕ್ಕಳಿಗೆ ಅವರ ಭಾಷೆಯಲ್ಲಿ ವಿವರಿಸುವ ತಾಳ್ಮೆ. ಡೈರಿಯ ಉದಾಹರಣೆಗೆ ನಮಗೆ ಹಿಡಿದದ್ದು ಹತ್ತು ನಿಮಿಷ.

ಇಂಗ್ಲಿಷಿಗೆ ಹೋಗಿದ್ದರೆ ಏನಾಗುತ್ತಿತ್ತು? ಇಂಗ್ಲಿಷ್ ಹೆಸರು ತಿದ್ದಿದ ಮೊದಲ ದಿನವೇ ಇದೇ ತೊಂದರೆ ಬರುತ್ತಿತ್ತು. ಆಗ ಯಾರೂ ‘ಇಂಗ್ಲಿಷ್ ಹಾಕಿದ್ದೀರಲ್ಲ, ಅದಕ್ಕೇ’ ಎನ್ನುತ್ತಿರಲಿಲ್ಲ. ನೆಟ್ಟಗೆ ಕಾರಣ ಹುಡುಕುತ್ತಿದ್ದರು. ಆ ಮರ್ಯಾದೆ ಕನ್ನಡಕ್ಕೂ ಸಿಗಲಿ ಎಂಬುದಷ್ಟೇ ನಮ್ಮ ಬೇಡಿಕೆ. ದೋಷ ಕಂಡರೆ ಮೊದಲು ಪುಟದ ಕೆಳಗಿನ ಸಂಖ್ಯೆ ನೋಡಿ, ಅದೇ ಕಡತದಲ್ಲಿ ಇಂಗ್ಲಿಷಿನ ಒಂದು ಸಾಲು ಬದಲಿಸಿ ನೋಡಿ, ಲಾಗ್ ಓದಿ. ಇಷ್ಟು ಮಾಡದವರು ಭಾಷೆಯ ಮೇಲೆ ತೀರ್ಪು ಕೊಡಕೂಡದು.

ತಮ್ಮನ ಪ್ರಗತಿಪತ್ರವನ್ನು ‘ಕುಂಬಳೆ’ ಎಂದು ಮತ್ತೆ ಪ್ರಿಂಟು ಮಾಡಿ ಕೊಟ್ಟಿದ್ದೇವೆ. ಇಂಗ್ಲಿಷಿಗೆ ಬದಲಿಸುವ ಪ್ರಸ್ತಾಪವನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ, ಮುಂದಿನ ಸ್ಟಾಫ್ ಮೀಟಿಂಗಿಗೆ ಮತ್ತೆ ಬರುತ್ತದಂತೆ. ಮಕ್ಕಳು ಬೋರ್ಡಿನಲ್ಲಿ ಬರೆದ ಆ ಕೋಷ್ಟಕವನ್ನು ಚಾರ್ಟ್ ಪೇಪರಿಗೆ ಇಳಿಸಿದ್ದಾರೆ. ಮೀಟಿಂಗಿಗೆ ಅದನ್ನೇ ಹಿಡಿದುಕೊಂಡು ಹೋಗುತ್ತೇವೆ.